ಖಾಲಿ ಜಾಗವೆಂದು ನೀವು ಬರೆದುಕೊಂಡ ಜಾಲಿ ಬಯಲು

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಬಸ್ ಸ್ಟ್ಯಾಂಡಿನ ಹಿಂದಿರುವ ಜಾಲಿ ಬಯಲು ಖಾಲಿ ಜಾಗವಲ್ಲ. ಊರಿನ ಅರ್ಧಕ್ಕರ್ಧ ಹೆಂಗಸರು ದಿನವೂ ನಸುಕಿನಲ್ಲಿ ಒಮ್ಮೆ, ಸಂಜೆಯ ಮಬ್ಬಿನಲ್ಲಿ ಒಮ್ಮೆ ತಂಬಿಗೆ ಹಿಡಿದುಕೊಂಡು ಹೋಗುವ ಜಾಗ ಅದು. ಇಷ್ಟನ್ನು ನಿಮ್ಮೆದುರು ಬಾಯಿ ಬಿಟ್ಟು ಹೇಳುವವರು ಸಿಗದ ಕಾರಣ ಹುಬ್ಬಳ್ಳಿಯ ಪತ್ರಿಕೆಗೆ ಬರೆಯಬೇಕಾಗಿ ಬಂದಿದೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹಾಕಿದರೆ ಊರಿನ ಮಾನ ಹೋಗುತ್ತದೆಂದು ಹಿರಿಯರು ಹೇಳಿದ್ದಾರೆ. ಅಣ್ಣಿಗೇರಿಯ ಆಚೆಗೋ ಈಚೆಗೋ ಒಂದು ಊರು ಎಂದು ಓದುಗರು ತಿಳಿಯಲಿ. ಯಾವುದೆಂದು ನಿಮಗಂತೂ ತಿಳಿಯುತ್ತದೆ.

ಸಣ್ಣ ಪಟ್ಟಣಗಳು ಉದ್ಧಾರವಾಗಲೆಂದು ದಿಲ್ಲಿಯ ಸರಕಾರ ಅನುದಾನ ಕೊಡಲಿದೆ. ಅದನ್ನು ಹೇಗೆ ಬಳಸಬೇಕೆಂದು ಜನರನ್ನೇ ಕೇಳಿ ಯೋಜನೆ ಮಾಡಿ, ಮಾರ್ಚ್ ಮುಗಿಯುವುದರೊಳಗೆ ಕಳಿಸಬೇಕಂತೆ. ನೀವು ಕೇಳಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಕೇಳಿದಿರಿ. ಗಂಡುಮಕ್ಕಳ ಶಾಲೆಯಲ್ಲಿ ಮೈಕು ಹಾಕಿಸಿ, ಚಹಾ ಬಿಸ್ಕೀಟು ಕೊಟ್ಟು, ಗೋಡೆಗೆ ಬಣ್ಣದ ನಕಾಶೆ ತೂಗುಹಾಕಿ ಕೇಳಿದಿರಿ. ಜಾಲಿ ಬಯಲಿನ ಮೇಲೆ ಚಂದದ ಹಸಿರು ಬಣ್ಣ ಬಳಿದಿತ್ತು. ಅಲ್ಲಿ ಉದ್ಯಾನ, ಉದ್ಯಾನದ ನಡುವೆ ಕಾರಂಜಿ, ರಸ್ತೆಯ ಕಡೆಗೆ ಅಂಗಡಿ ಮಳಿಗೆಗಳು, ಸುತ್ತಲೂ ತಂತಿ ಬೇಲಿ, ಮೂಲೆ ಮೂಲೆಗೆ ಮರ್ಕ್ಯುರಿ ದೀಪ. ನಲ್ಲಿಗೆ ನೀರು ಬಂದ ದಿನ ಓಣಿಯಲ್ಲಿ ಹಬ್ಬದ ಗದ್ದಲವಾಗುವ ಈ ಊರಿಗೆ ಕಾರಂಜಿ ಬೇಕೆಂದು ಯಾರು ಕೇಳಿಕೊಂಡರೋ ನನಗೆ ತಿಳಿಯದು. ದೀಪ ಮಾತ್ರ ಬಹಳ ಪ್ರಖರವಾದದ್ದು ಎಂದು ತಮ್ಮ ಎಂಜಿನಿಯರು ಎರಡು ಸಲ ಹೇಳಿದರು.

ಆಮೇಲೆ ತಾವು ಮೈಕಿನಲ್ಲಿ ಕೇಳಿದಿರಿ: "ಇದು ಖಾಲಿ ಜಾಗ. ಯಾರಾದರೂ ಇದನ್ನು ಉಪಯೋಗಿಸುತ್ತಿದ್ದೀರಾ?" ಗಂಡಸರೆಲ್ಲ ಶಾಲೆಯ ಹಂಚು ನೋಡಿದರು. ಚರಂಡಿಯಿಂದ ಹಿಡಿದು ಚುನಾವಣೆಯವರೆಗೆ ಎಲ್ಲದಕ್ಕೂ ಎದ್ದು ನಿಲ್ಲುವ ಅಡತಿ ಅಂಗಡಿಯ ಮಡಿವಾಳೆಪ್ಪನವರು ಬಗ್ಗಿ ತಮ್ಮ ಚಪ್ಪಲಿ ಹುಡುಕತೊಡಗಿದರು. ಹೆಂಗಸರಾದ ನಾವು ಹೊರಗಿನ ಪಡಸಾಲೆಯಲ್ಲಿದ್ದೆವು. ಕೊನೆಗೆ ನಮ್ಮ ಓಣಿಯ ಮಲ್ಲಕ್ಕ ಬಾಗಿಲಿಗೆ ಬಂದು, ಸೆರಗು ಮುಂದಕ್ಕೆಳೆದುಕೊಂಡು ಮಾತಾಡಿದಳು. ಅವಳ ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ "ಹಾಕ್ರಿ ಅಕ್ಕೋರ, ನನಗೇನ್ ಅಂಜಿಕಿ" ಎಂದಿದ್ದಾಳೆ.

"ಸಾಹೇಬ್ರ, ಅದು ಖಾಲಿ ಇಲ್ರಿ."

"ಏನಿದೆಯಮ್ಮಾ ಅಲ್ಲಿ?"

"ನಾವ ಇರತೇವ್ರಿ."

"ಮನೆ ಕಟ್ಟಿದ್ದೀರಾ?"

"ಇಲ್ರಿ."

"ಜಾಗದ ಉತಾರ ನಿಮ್ಮ ಹೆಸರಿಗಿದೆಯಾ?"

"ನಮ್ಮ ಹೆಸರಿಗೆ ಯಾಕ್ ಇರತೈತ್ರಿ?"

"ಮತ್ತೇನಿದೆ ಹೇಳಮ್ಮ."

ಮಲ್ಲಕ್ಕ ಗಂಡನ ಕಡೆ ನೋಡಿದಳು. ಅವಳ ಗಂಡ ತಿರಕಪ್ಪ ನೆಲ ನೋಡುತ್ತ "ಕುಂಡ್ರ ಬೇ" ಎಂದ. ಕುಳಿತಳು. ಸಭೆ ನಕ್ಕಿತು, ನೀವೂ ನಕ್ಕಿರಿ. ಯಾರ ತಕರಾರೂ ಇಲ್ಲವೆಂದು ಬರೆಸಿಕೊಂಡು ಮುಂದಿನ ವಿಷಯಕ್ಕೆ ಹೋದಿರಿ.

ಸ್ವಾಮಿ, ಇನ್ನೇನು ಹೇಳಬೇಕಿತ್ತು ಅವಳು? ಮುನ್ನೂರು ಗಂಡಸರ ಮುಂದೆ, ಮೈಕಿನಲ್ಲಿ? ನಮ್ಮ ಕಡೆ ಹೆಣ್ಣುಮಕ್ಕಳು ಈ ಮಾತನ್ನು ಗಂಡನೆದುರಿಗೂ ಆಡುವುದಿಲ್ಲ. ತಂಬಿಗೆ ಕೈಗೆತ್ತಿಕೊಂಡರೆ ಕಟ್ಟೆಯ ಮೇಲಿನ ಗಂಡಸರು ಮುಖ ಆಚೆ ತಿರುಗಿಸುತ್ತಾರೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಜಾಲಿಯ ಕಡೆ ಕಣ್ಣು ಹಾಯಿಸುವುದಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಅದು ಈ ಊರಿನ ಮರ್ಯಾದೆ. ಆ ಮರ್ಯಾದೆಗಾಗಿ ಸುಮ್ಮನಿದ್ದವರನ್ನು ಒಪ್ಪಿದವರೆಂದು ನೀವು ಬರೆದುಕೊಂಡಿರಿ. ಮರುದಿನ ನಾನು ಅರ್ಜಿ ಹಿಡಿದು ಕಚೇರಿಗೆ ಬಂದೆ. ಗುಮಾಸ್ತ ಓದಿ, ಕಿವಿಯವರೆಗೆ ಕೆಂಪಾಗಿ, ಮಡಚಿ ನನ್ನ ಕೈಗೇ ಕೊಟ್ಟ. "ಇಂಥಾದ್ದ ಯಾರರ ಬರದು ಕೊಡ್ತಾರೇನ್ರಿ ಅಕ್ಕೋರ? ಸಭಾದಾಗ ಹೇಳಬೇಕಿತ್ತು." ಅವನು ನನ್ನ ಮನೆಪಾಠದ ಶಿಷ್ಯ. ಬೈಯಲಿಕ್ಕೂ ಮನಸ್ಸು ಬರಲಿಲ್ಲ.

ಮನೆಯಲ್ಲೇ ಸಂಡಾಸು ಕಟ್ಟಿಸಿಕೊಳ್ಳಬಾರದೇ ಎಂದು ಕೇಳುವಿರಿ. ನಮ್ಮ ಓಣಿಗೆ ಒಮ್ಮೆ ದಯಮಾಡಿಸಿ. ಒಂದು ಮನೆಯ ಗೋಡೆಯೇ ಇನ್ನೊಂದು ಮನೆಗೂ ಗೋಡೆ. ಹಿತ್ತಲೆಂಬುದು ಇಲ್ಲ. ಬಾಗಿಲ ಮುಂದೆ ಗುಂಡಿ ತೋಡುತ್ತೇನೆಂದು ನಾನೇ ಅನುಮತಿ ಕೇಳಿದ್ದೆ. ಚರಂಡಿ ಇಲ್ಲದ ಓಣಿಯಲ್ಲಿ ಅನುಮತಿ ಕೊಡಲು ನಿಯಮವಿಲ್ಲ ಎಂದು ತಮ್ಮ ಕಚೇರಿಯೇ ತಿಳಿಸಿತು. ಚರಂಡಿ ಕಟ್ಟಬೇಕಾದವರು ಯಾರು ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಇಷ್ಟೂ ಸಾರ್ವಜನಿಕ ಹಿತದ ಮಾತಾಯಿತು. ಇನ್ನು ನನ್ನ ಸಂಕಟ ಹೇಳುತ್ತೇನೆ. ನನ್ನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಕಲಘಟಗಿಯಿಂದ ಬಣ್ಣದ ತೊಟ್ಟಿಲು ತರಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ. ಅವಳು ಬಂದ ವಾರದಲ್ಲೇ, ಜಾಗ ಪುರಸಭೆಯ ವಶದಲ್ಲಿದೆಯೆಂದು ದಿಲ್ಲಿಗೆ ತೋರಿಸಲು ತಾವು ಜಾಲಿ ಕಡಿಸತೊಡಗಿದಿರಿ. ಈಗ ಉಳಿದಿರುವುದು ಪಡುವಣ ಮೂಲೆಯ ನಾಲ್ಕು ಜಾಲಿ ಕಂಟಿ. ಆ ಮರೆ ಸಾಲದೆ ಹೆಂಗಸರು ರೈಲು ಹಳಿ ದಾಟಿ ಆಚೆಯ ಹೊಲಗಳಿಗೆ ಹೋಗುತ್ತಿದ್ದಾರೆ. ಮೊನ್ನೆ ಸಂಜೆ ನಾನೂ ಮಗಳನ್ನು ಕರೆದುಕೊಂಡು ಹೊರಟೆ. ಹಳಿಯ ಮೇಲೆ ಗೂಡ್ಸ್ ಗಾಡಿ ನಿಂತಿತ್ತು. ಉಳಿದವರು ಸೀರೆ ಎತ್ತಿ ಕಟ್ಟಿ ಡಬ್ಬಿಗಳ ಕೆಳಗೆ ನುಸುಳಿದರು. ತುಂಬಿದ ಬಸುರಿ ಹೇಗೆ ನುಸುಳಬೇಕು? ಜಲ್ಲಿಕಲ್ಲಿನ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ಅತ್ತಳು. ಗಾಡಿ ಕದಲಲಿಲ್ಲ. ಹಾಗೆಯೇ ಮನೆಗೆ ಬಂದೆವು. ಈಗ ಕತ್ತಲಾದ ಮೇಲೆ ಆ ನಾಲ್ಕು ಕಂಟಿಯ ಮರೆಯೇ ಅವಳಿಗೆ ಗತಿ.

ಅಂದಿನಿಂದ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಈ ಮಾರ್ಚಿನ ಬಿಸಿಲಿನಲ್ಲಿ ತುಟಿ ಒದ್ದೆ ಮಾಡಿಕೊಂಡು ಲೋಟ ಇಡುತ್ತಾಳೆ. ಕೈಕಾಲು ಬಾತಿವೆ. ನರ್ಸಬಾಯಿ ಬಂದು ನೋಡಿ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: "ಉರಿಮೂತ್ರ ಆಗೈತ್ರಿ. ನೀರು ಕುಡಿಸ್ರಿ. ಇಲ್ಲಂದ್ರ ದಿನಾ ತುಂಬೂದ್ರಾಗ ಹೆರಿಗಿ ಆಗತೈತಿ, ಕೂಸು ಉಳಿಯೂದು ನನ್ನ ಕೈಯಾಗ ಇಲ್ಲ." ಗಂಡನ ಮನೆಗೆ ವಾಪಸು ಕಳಿಸೋಣವೆಂದರೆ ಬಸ್ಸಿನಲ್ಲಿ ಕೂರುವ ಸ್ಥಿತಿಯಲ್ಲಿಲ್ಲ. ನನಗೆ ದಿಕ್ಕು ತೋಚದಾಗಿದೆ. ಮಕ್ಕಳಿಗೆ ಆರೋಗ್ಯದ ಪಾಠ ಹೇಳಿ ಕೂದಲು ಹಣ್ಣಾದವಳು, ನನ್ನ ಮಗಳಿಗೆ ಒಂದು ಲೋಟ ನೀರು ಕುಡಿಸಲಾರದೆ ಕುಳಿತಿದ್ದೇನೆ.

ಕಾಗದ ತೆಗೆದುಕೊಂಡಾಗ ದೊಡ್ಡದಾಗಿಯೇ ಕೇಳಬೇಕೆಂದಿದ್ದೆ. ಯೋಜನೆ ಇನ್ನೂ ದಿಲ್ಲಿಗೆ ಹೋಗಿಲ್ಲ, ತಿದ್ದಿರಿ. ಕಾರಂಜಿಗಿಂತ ಮೊದಲು ಗೋಡೆ, ಬಾಗಿಲು, ನೀರು ಇರುವ ಹೆಂಗಸರ ಸಂಡಾಸು ಕಟ್ಟಿರಿ. ಹೆಂಗಸರನ್ನು ಬೇರೆ ಕೂರಿಸಿ, ಹೆಂಗಸೊಬ್ಬಳಿಂದ ಕೇಳಿಸಿ. ಇವೆಲ್ಲ ನ್ಯಾಯವಾದ ಬೇಡಿಕೆಗಳು, ಬಿಡುವುದಿಲ್ಲ. ಆದರೆ ಸೋಮವಾರ ಆ ಮೂಲೆಗೂ ಬೇಲಿ ಹಾಕುತ್ತಾರಂತೆ. ಅದಕ್ಕೇ ನನ್ನ ಬೇಡಿಕೆ ಸಣ್ಣದಾಗಿಬಿಟ್ಟಿದೆ. ಕಾರಂಜಿ ಕಟ್ಟಿಕೊಳ್ಳಿ, ದೀಪ ಹಾಕಿಕೊಳ್ಳಿ, ಉದ್ಘಾಟನೆಗೆ ನಾನೇ ಬಂದು ಪ್ರಾರ್ಥನೆ ಹೇಳಿಸುತ್ತೇನೆ. ಪಡುವಣ ಮೂಲೆಯ ಆ ನಾಲ್ಕು ಕಂಟಿಗಳನ್ನು ನನ್ನ ಮಗಳು ಹೆರುವವರೆಗೆ ಬಿಡಿ. ಕಾಲಿಗೆ ಬೀಳೆಂದರೆ ಬೀಳುತ್ತೇನೆ.

ನಾನು ಬರೆಯುವುದನ್ನು ಕಂಡು ಮಗಳು "ಅವ್ವಾ, ನನ್ನ ಹೆಸರ ಹಾಕಬ್ಯಾಡ" ಎಂದಳು. ಹಾಕಿಲ್ಲ. ಅವಳ ಮುಂದೆ ಒಂದು ಲೋಟ ನೀರು ಇಟ್ಟು, ನನ್ನಾಣೆ, ಕುಡಿ ಎಂದೆ. ಕಿಟಕಿಯಾಚೆ ನೋಡಿ, "ಇನ್ನೂ ಬೆಳಕೈತಿ, ಅವ್ವಾ" ಎಂದಳು. ಲೋಟ ಹಾಗೆಯೇ ಇದೆ.

ಇಂತಿ,
ತಮ್ಮ ನಕಾಶೆಯ ಹಸಿರು ಬಣ್ಣದ ಕೆಳಗಿರುವವಳು,
ಸಾವಿತ್ರೆವ್ವ
ನಿವೃತ್ತ ಶಿಕ್ಷಕಿ, ಹೆಣ್ಣುಮಕ್ಕಳ ಶಾಲೆ
ಮಾರ್ಚ್ ೧೯೮೬