ಬಾಗಿದ ಪೈಪಿನಲ್ಲಿ ಕಾಲೆಳೆದ ಪಾದರಸ

ಬೆಂಗಳೂರು, 14-2-1978

ಕಂಪ್ಲಿಯ ಅಕ್ಕ ವಿರುಪಮ್ಮನಿಗೆ ತಮ್ಮ ಹುಲುಗಪ್ಪ ಕೈಮುಗಿದು ಬರೆದದ್ದು.

ಇಲ್ಲಿನ ಕಾಲೇಜಿಗೆ ನಾನು ಬಗ್ಗಿಸಿಕೊಟ್ಟ ಪೈಪಿನಲ್ಲಿ ನಿನ್ನೆ ಅಲ್ಲಿನ ವಿಜ್ಞಾನದ ಮೇಡಂ ಪ್ರಯೋಗಕ್ಕೆಂದು ಪಾದರಸ ಹರಿಸಿದರು. ಸರಸರ ಓಡಿತು. ಬಾಗಿನ ಪಕ್ಕ ಎಮ್ಮೆಯಷ್ಟು ದೊಡ್ಡ ಅಯಸ್ಕಾಂತ ಇದೆ. ಅದಕ್ಕೆ ಕರೆಂಟು ಕೊಟ್ಟದ್ದೇ ತಡ, ಪಾದರಸ ತವರು ಬಿಟ್ಟು ಹೊರಟ ನಿನ್ನ ಹಾಗೆ ಕಾಲೆಳೆಯುತ್ತ ನಿಧಾನವಾಯಿತು!

ಬಗ್ಗಿಸುವಾಗ ಪೈಪು ಚಪ್ಪಟೆಯಾಗದಿರಲೆಂದು ಒಳಗೆ ಸಂಡೂರು ಹಳ್ಳದ ಉಸುಕು ತುಂಬಿದ್ದೆ. ಅದರಲ್ಲಿನ ಕಬ್ಬಿಣದ ಅದಿರಿನ ಪುಡಿ ಒಳಗೇ ಉಳಿದು ಅಯಸ್ಕಾಂತಕ್ಕೆ ಕಚ್ಚಿಕೊಂಡಿತೇ? ಹೊಸಪೇಟೆ ಮೇಸ್ತ್ರಿ ಎಂಬ ಹೆಸರು ಮಣ್ಣಾಯಿತು ಅಂದುಕೊಂಡೆ.

"ತಪ್ಪು ನಂದ ಇರಬೇಕ್ರಿ ಮೇಡಂ. ಇದರಾಗ ನೀರು ಬಿಟ್ಟು ನೋಡ್ರಿ," ಎಂದೆ.

ಪಾದರಸ ತೆಗೆದು ನೀರು ಬಿಟ್ಟರು. ಅಯಸ್ಕಾಂತಕ್ಕೆ ಕರೆಂಟು ಇದ್ದರೂ ನೀರು ಜರ್ರನೆ ಹೋಯಿತು.

ಮೇಡಂ ನಕ್ಕರು. "ಪೈಪು ಚೆನ್ನಾಗಿದೆ ಮೇಸ್ತ್ರಿ. ಪಾದರಸ ಲೋಹ ಅಲ್ವಾ? ಅಯಸ್ಕಾಂತದ ಹತ್ರ ಹರಿಯುವಾಗ ಅದರೊಳಗೇ ಕರೆಂಟು ಹುಟ್ಟಿ ತಡೆಯುತ್ತೆ. ನಾವು ನೋಡಬೇಕಿದ್ದಿದ್ದೇ ಅದು."

"ಮೊದಲ ಹೇಳಬಾರದೇನ್ರೀ? ಜೀವ ಬಾಯಿಗೆ ಬಂದಿತ್ತು!"

ನನ್ನ ಮೈ ಚೆನ್ನಾಗಿದೆ. ಇಲ್ಲಿ ಸಾರಿಗೂ ಬೆಲ್ಲ ಹಾಕುತ್ತಾರೆ, ನಾಲಿಗೆ ಖಾರ ಮರೆತಿದೆ. ಭಾನುವಾರ ಬರುವುದಿಲ್ಲ. ಇನ್ನೆರಡು ಪೈಪನ್ನೂ ನಾನೇ ಬಗ್ಗಿಸಬೇಕಂತೆ, ಬೇರೆಯವರ ಕೈಗೆ ಕೊಡುವುದಿಲ್ಲವಂತೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಹುಲುಗಪ್ಪ