ಬೆತ್ತದ ಇತಿಹಾಸಕಾರ

ಜೂನ್ ೧೮, ಮಂಗಳವಾರ

ಅಂಗೈ ಬಾತು ಬೆಂಕಿಯಂತೆ ಉರಿಯುತ್ತಿದೆ. ಶಾಲಾ ಶಿಕ್ಷೆಗಳ ಇತಿಹಾಸ ಬರೆದ ನಿವೃತ್ತ ಮೇಷ್ಟ್ರ ಜೊತೆ ಇವತ್ತು ರೇಡಿಯೋ ಸಂದರ್ಶನ. ಹಳೇ ನಾಟಕದವನಾದ ನನ್ನ ರಕ್ತ ಸುಮ್ಮನಿದ್ದೀತೇ? ಅವರ ಪುಸ್ತಕದಲ್ಲಿ ಶಿಕ್ಷಕನೊಬ್ಬ ಹುಡುಗನ ಬೆರಳು ಮುರಿಯುವ ಪುಟವನ್ನು ಗರ್ಜಿಸುತ್ತಾ ಓದಿ, ಅವರು ತೋರಿಸಲು ತಂದಿದ್ದ ಹಳೇ ಬೆತ್ತದಿಂದ ಮೇಜಿಗೆ ರಪರಪ ಬಾರಿಸಿದೆ.

"ನಿಲ್ಸಿ ಸ್ವಾಮಿ! ಹೊಡೆಯೋನು ಹಂಗೆಲ್ಲ ಕೂಗಾಡಲ್ಲ." ಮೇಷ್ಟ್ರು ಬೆತ್ತ ಕಿತ್ತುಕೊಂಡರು. "ಕೈ ಚಾಚಿ."

ತಮಾಷೆಯೆಂದು ಚಾಚಿದೆ. ಆರು ಏಟು! ಚರ್ಮ ಒಡೆದು ರಕ್ತ ತೊಟ್ಟಿಕ್ಕಿತು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಆಮೇಲೆ ಬೆತ್ತವನ್ನು ಮೇಜಿನ ಮೇಲಿಟ್ಟು ಕೂತರು. "ಆ ಹುಡುಗನ್ನ ಹೊಡೆದೋನು ನಾನೇ. ಪುಸ್ತಕದಲ್ಲಿ 'ಒಬ್ಬ ಶಿಕ್ಷಕ' ಅಂತ ಬರ್ದು ತಪ್ಪಿಸ್ಕೊಂಡೆ."

"ಇದನ್ನ ರೆಕಾರ್ಡಿಂಗ್‌ನಿಂದ ಕತ್ತರಿಸಿ ಬಿಡ್ಲಾ, ಮೇಷ್ಟ್ರೇ?"

"ಬೇಡ. ನಾನು ಮರ್ತಿಲ್ಲ ಅಂತ ಅವನಿಗೂ ಗೊತ್ತಾಗ್ಲಿ."

ನಾಳೆ ಬೆಳಿಗ್ಗೆ ಎಂಟಕ್ಕೆ ಪ್ರಸಾರ. ಏಟಿನ ಸದ್ದನ್ನೂ ಉಳಿಸಿದ್ದೇನೆ. ಆದರೆ ಈಗ ದೊಡ್ಡವನಾಗಿರುವ ಆ ಹುಡುಗ ಕೇಳುವಾಗ ಪಕ್ಕದಲ್ಲಿ ಅವನ ಮಕ್ಕಳಿದ್ದರೆ, ಅಪ್ಪನ ಆ ಬೆರಳನ್ನು ನೋಡಿ, ಅವನು ಇಷ್ಟು ದಿನ ಹೇಳದೆ ಇಟ್ಟಿದ್ದು ಅವರಿಗೂ ಗೊತ್ತಾಗಿಬಿಟ್ಟರೆ?