ರಟ್ಟಿನ ಮರೆಯ ದಾಳ

ಭಾನುವಾರ, ಜೂನ್ 4. ಸಂಜೆ 7.10

ಎಂದಿನಂತೆ ಮೂರು ಗಂಟೆಗೆ ಟೈಲರಕ್ಕನ ಅಂಗಡಿ. ಭಾನುವಾರ ಷಟರ್ ಅರ್ಧ ಇಳಿದಿರುತ್ತದೆ, ಬಗ್ಗಿ ಒಳಗೆ ಹೋಗಬೇಕು. ಬಟ್ಟೆ ಕತ್ತರಿಸುವ ಮೇಜೇ ನಮ್ಮ ರಾಜ್ಯ. ಇವತ್ತು ನನ್ನ ಹಿಂದೆ ಇನ್ನೊಬ್ಬರೂ ಬಗ್ಗಿದರು — ಅಣ್ಣ.

ಐದು ತಿಂಗಳಿಂದ ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಬಂದವನಲ್ಲ. ಷೋಕೇಸಿನ ಗಾಜು ಒಡೆದು ಬಲಗೈ ಮಣಿಕಟ್ಟು ಕತ್ತರಿಸಿದ ಮೇಲೆ ಎರಡು ಬೆರಳಿಗೆ ಸ್ಪರ್ಶವಿಲ್ಲ, ಉಳಿದವು ಹೇಳಿದ ಮಾತು ಕೇಳುವುದಿಲ್ಲ. ವಾಚ್ ರಿಪೇರಿಯವನ ಕೈ. ಎಳ್ಳಿಗಿಂತ ಸಣ್ಣ ಸ್ಕ್ರೂ ಎತ್ತುತ್ತಿದ್ದ ಕೈ. ಅಂಗಡಿ ಮುಚ್ಚಿದೆ. ಅವನ ಕೋಣೆಯ ಬಾಗಿಲೂ.

ದಾರಿಯಲ್ಲಿ ಆಟ ವಿವರಿಸಿದೆ. ಒಂದೇ ಸಮನೆ ಅಷ್ಟು ಮಾತಾಡಿದ್ದು ಈ ವರ್ಷ ಅದೇ ಮೊದಲು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರು ಕಥೆ ನಡೆಸುತ್ತಾರೆ, ಎದುರಿಗೆ ಏನಿದೆ ಎಂದು ಹೇಳುತ್ತಾರೆ. ಏನು ಮಾಡುತ್ತೇವೆ ಎಂದು ನಾವು ಹೇಳುತ್ತೇವೆ. ಆಯಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹನ್ನೆರಡು ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಗೆಲುವು. ಮೆಡಿಕಲ್ ಷಾಪಿನ ಕಂಪೌಂಡರ್ ಖಡ್ಗವೀರ. ಟೈಲರಕ್ಕ ಮಂತ್ರವಾದಿನಿ. ನಾನು ಲೇಖಕಿ, ಆಟದ ಒಳಗೂ ಹೊರಗೂ — ನಡೆದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಬಾಯಿ ತೆರೆಯದೆ ಆಡಬಹುದಾದ ಪಾತ್ರ ಅದೊಂದೇ ಇತ್ತು.

ಉಳಿದಿದ್ದದ್ದು ಕಳ್ಳ. ಒಂದೇ ಕೈಯ ಕಳ್ಳನನ್ನು ಕಟ್ಟಿಕೊಂಡು ನೀವೇನು ಮಾಡ್ತೀರಿ ಎಂದ ಅಣ್ಣ. ಯಾರೂ ನಗಲಿಲ್ಲ. ಈ ಆಟದ ಊರಲ್ಲಿ ನಿಮಗೆ ಎರಡೂ ಕೈ ಇವೆ, ಕೈಚಳಕದಲ್ಲಿ ನಿಮ್ಮನ್ನು ಮೀರಿಸುವವರಿಲ್ಲ ಎಂದರು ಮಾಸ್ತರು, ಅದೂ ಒಂದು ಭೂಗೋಳದ ವಿಷಯವೆಂಬಂತೆ.

ಕೋಟೆ ಬಾಗಿಲು. ಕಾವಲುಗಾರನ ಸೊಂಟದಲ್ಲಿ ಬೀಗದ ಕೈ. ಕಂಪೌಂಡರ್, ಕತ್ತು ಹಾರಿಸೋಣ ಎಂದರು. ಎಲ್ಲ ಕಾಯಿಲೆಗೂ ಅವರದು ಒಂದೇ ಗುಳಿಗೆ. ಟೈಲರಕ್ಕ, ಕದ್ದುಬಿಡಿ ಎಂದರು. ಅಣ್ಣ ಬೇಡವೆಂದು ತಲೆಯಾಡಿಸಿದ.

"ಕದ್ದರೆ ಅವನು ಹುಡುಕ್ತಾನೆ. ನಾನು ಎತ್ತಿ, ಸೋಪಿನ ಮೇಲೆ ಅಚ್ಚೊತ್ತಿ, ವಾಪಸ್ ಅವನ ಸೊಂಟಕ್ಕೇ ಸಿಗಿಸ್ತೀನಿ. ಎತ್ತೋದು ಅರ್ಧ ಕೆಲಸ. ವಾಪಸ್ ಇಡೋದೇ ಕಷ್ಟ."

ಕಂಪೌಂಡರ್ ಖಡ್ಗ ಒರೆಗೆ ಸೇರಿಸಿದರು.

ಕೈಚಳಕದ ದಾಳವನ್ನು ಮಾತ್ರ ಮಾಸ್ತರೇ ಹಾಕುತ್ತಾರೆ, ನಕ್ಷೆ ಅಂಟಿಸಿದ ರಟ್ಟಿನ ಮರೆಯಲ್ಲಿ. ನಮ್ಮ ಮೇಜಿನ ಪದ್ಧತಿ. ತನ್ನನ್ನು ಯಾರಾದರೂ ನೋಡಿಬಿಟ್ಟರೇ ಎಂಬುದು ಕಳ್ಳನಿಗೆ ಕೂಡಲೇ ಗೊತ್ತಾಗಬಾರದಲ್ಲ. ನಾನು ಕೂರುವುದು ಮೂಲೆಯಲ್ಲಿ, ಅಲ್ಲಿಂದ ರಟ್ಟಿನ ಹಿಂದೆ ಕಾಣುತ್ತದೆ. ಏಳು ಬಿತ್ತು.

ಮಾಸ್ತರು ಹೇಳಿದ್ದು: "ಯಾರೂ ನೋಡಲಿಲ್ಲ."

ನಿಟ್ಟುಸಿರು ಬಿಟ್ಟೆ. ಮೊದಲ ದಿನ ಅಣ್ಣ ಸೋಲದಿದ್ದರೆ ಒಳ್ಳೆಯದು ಎಂದು ನಿನ್ನೆ ಮಾಸ್ತರಿಗೆ ಮೆಸೇಜ್ ಹಾಕಿದವಳು ನಾನೇ. ಎದುರಿಗೆ ಹೇಳಲು ಆಗುತ್ತಿರಲಿಲ್ಲ.

ಬುಧವಾರ, ಜೂನ್ 7

ಪ್ರೆಸ್ಸಿನಲ್ಲಿ ಏಳನೇ ತರಗತಿ ವಿಜ್ಞಾನ ಪುಸ್ತಕದ ಎರಡನೇ ಪ್ರೂಫ್ ತಿದ್ದಿದೆ. ಜೀರ್ಣಾಂಗದ ಚಿತ್ರ ತಲೆಕೆಳಗು. ಸಾಹಿತ್ಯ ಓದಿದ್ದಕ್ಕೆ ಸಿಕ್ಕ ಫಲ.

ಊಟಕ್ಕೆ ಅಣ್ಣ ಕೋಣೆಯಿಂದ ತಾನಾಗಿ ಬಂದ. ಕೋಟೆಯಲ್ಲಿ ಎಷ್ಟು ಜನ ಕಾವಲಿದ್ದಾರೆ ಎಂದು ಕೇಳಿದ. ಅಮ್ಮನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಅವನ ತಟ್ಟೆಗೆ ಎರಡು ಸಲ ಬಡಿಸಿದಳು.

ಭಾನುವಾರ, ಜೂನ್ 18. ಸಂಜೆ 6.30

ಮೂರನೇ ವಾರ. ಅಣ್ಣ ನನಗಿಂತ ಮೊದಲೇ ರೆಡಿ.

ಅವನು ಈವರೆಗೆ ಒಂದು ಕಾಸೂ ಕದ್ದಿಲ್ಲ. ಕೋಟೆಯ ಎಚ್ಚರಿಕೆ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದ, ಗಂಟೆ ಹೊಡೆಯುವವನ ಜೊತೆ ಹರಟೆ ಹೊಡೆಯುತ್ತಲೇ. ಹೋದ ವಾರ ನ್ಯಾಯಾಧೀಶನ ಮುಂದಿದ್ದ ಅರ್ಜಿಗಳ ಕ್ರಮ ಬದಲಿಸಿದ, ಅಷ್ಟೇ. ಬೆಳಗ್ಗೆ ಮೊದಲ ಅರ್ಜಿಗೆ ಯಾವ ನ್ಯಾಯಾಧೀಶನಿಗೂ ತಾಳ್ಮೆ ಇರುತ್ತದೆ, ಹನ್ನೊಂದನೆಯದಕ್ಕೆ ಇರಲ್ಲ ಎಂದ. ನಮ್ಮ ಕಡೆಯವನಿಗೆ ಬಿಡುಗಡೆ. ಇವತ್ತು ರಾಜಮುದ್ರೆಗಾಗಿ ಸೈನಿಕ ಎಲ್ಲರ ಮೈ ತಡವಿ ಹುಡುಕಿದ. ಅದು ಅಣ್ಣನ ಹತ್ತಿರವೇ ಇತ್ತು. ಅದನ್ನು ಹುಡುಕುವ ಸೈನಿಕನ ಜೇಬಿಗೇ ಇಳಿಬಿಟ್ಟ. ಹುಡುಕಿ ಮುಗಿದ ಮೇಲೆ ಥ್ಯಾಂಕ್ಸ್ ಹೇಳುವ ನೆಪದಲ್ಲಿ ಹೆಗಲು ತಟ್ಟಿ ವಾಪಸ್ ತೆಗೆದುಕೊಂಡ. ಟೈಲರಕ್ಕ ಟೀ ಕುಡಿಯುತ್ತಿದ್ದವರು ಕೆಮ್ಮಿ ಕೆಮ್ಮಿ ಸುಸ್ತಾದರು.

ಹೇಳುವಾಗ ಅಣ್ಣನ ಎಡಗೈ ಗಾಳಿಯಲ್ಲಿ ಮಾಡಿ ತೋರಿಸುತ್ತದೆ. ಬಲಗೈ ಮೇಜಿನ ಕೆಳಗೆ, ತೊಡೆಯ ಮೇಲೆ.

ದಾಳ ಇವತ್ತು: ಮೂರು, ಹದಿನಾಲ್ಕು. "ಯಾರೂ ನೋಡಲಿಲ್ಲ." ಎರಡಕ್ಕೂ ಅದೇ.

ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ 'ಗೆಲುವು' ಎಂದು ಬರೆದೆ. ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ನಿಜವಾದ ಅಂಕಿ, ಮೊದಲ ದಿನದಿಂದಲೂ ಹೀಗೇ. ಯಾಕೆ ಬರೆಯುತ್ತೇನೋ. ದಿನವಿಡೀ ಅಂಚಿನಲ್ಲಿ ಸರಿ ಅಂಕಿ ಬರೆಯುವುದೇ ಕೆಲಸವಾದರೆ ಕೈ ಸುಮ್ಮನಿರುವುದಿಲ್ಲ.

ಭಾನುವಾರ, ಜೂನ್ 25

ಆಟ ಮುಗಿದ ಮೇಲೆ ಷಟರ್ ಹತ್ತಿರ ಮಾಸ್ತರನ್ನು ನಿಲ್ಲಿಸಿದೆ. ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಮೊದಲ ದಿನ ಮಾತ್ರ ಅಂದಿದ್ದೆ, ಮಾಸ್ತರೇ."

"ಎರಡನೇ ದಿನ ಹೇಗಮ್ಮಾ ನಿಲ್ಲಿಸೋದು? ನಿಮ್ಮಣ್ಣ ನಗ್ತಾ ಇದ್ರು."

ಗೊತ್ತಾದರೆ ಮತ್ತೆ ಆ ಬಾಗಿಲ ಹಿಂದೆ ಹೋಗಿ ಕೂರುತ್ತಾನೆ, ಈ ಸಲ ಎಷ್ಟು ತಿಂಗಳೋ ಎಂದೆ. ಗೊತ್ತಾಗಲ್ಲ ಬಿಡಿ, ರಟ್ಟು ಇದೆಯಲ್ಲ ಎಂದರು. ಅವರ ಮುಖದಲ್ಲೂ ಖುಷಿ ಇರಲಿಲ್ಲ.

ಕಥೆ ನಿಂತಿರುವ ಜಾಗ: ಅಣ್ಣನ ಕಳ್ಳ ಮಂತ್ರಿಯ ಜೇಬಿಗೆ ಕೈ ಹಾಕಿದ್ದಾನೆ. ಒಳಗೆ ನಮ್ಮೆಲ್ಲರ ಮರಣದಂಡನೆಯ ಆಜ್ಞೆ. ಅದನ್ನು ತೆಗೆದು, ಅಂಥದೇ ಮಡಿಕೆಯ ಖಾಲಿ ಹಾಳೆ ಇಡಬೇಕು. ದಾಳ ಮುಂದಿನ ವಾರ.

ಮಂಗಳವಾರ, ಜೂನ್ 27. ಸಂಜೆ 6.15

ತಪ್ಪು ಮಾಡಿದೆ.

ಪ್ರೆಸ್ಸಿನಿಂದ ಬಂದಾಗ ನೋಟ್‌ಬುಕ್ ಅಣ್ಣನ ತೊಡೆಯ ಮೇಲಿತ್ತು. ಬೆಳಗ್ಗೆ ನಾನೇ ಕೊಟ್ಟಿದ್ದೆ. ಮಂತ್ರಿಯ ಜೇಬು ಎಡಗಡೆಯೋ ಬಲಗಡೆಯೋ ನೋಡಬೇಕು ಎಂದಿದ್ದ, ಬಸ್ಸಿಗೆ ತಡವಾಗಿತ್ತು, ಕೊಟ್ಟು ಓಡಿದ್ದೆ. ಪೆನ್ಸಿಲ್ ನೆನಪಾಗಲೇ ಇಲ್ಲ.

"ಈ ಅಂಚಿನ ಅಂಕಿ ಏನು?"

ಸುಳ್ಳು ಹೇಳಬಹುದಿತ್ತು. ಪುಟಸಂಖ್ಯೆ, ಗಂಟೆ, ಏನಾದರೂ. ಬಾಯಿಗೆ ಬರಲಿಲ್ಲ.

"ಬಿದ್ದದ್ದು."

ಎಣಿಸಿದ. ಬೆರಳಿನಿಂದಲ್ಲ, ಕಣ್ಣಿನಿಂದ. ಒಂಬತ್ತು ಸಲ. ಐದು ಸೋಲು. ಮಾಸ್ತರದ್ದೇನೂ ತಪ್ಪಿಲ್ಲ, ಕೇಳಿಕೊಂಡವಳು ನಾನು ಎಂದೆ. ಕೇಳಿಸಿತೋ ಇಲ್ಲವೋ.

"ನಾಲ್ಕು ಸಲ ನಿಜವಾಗ್ಲೂ ಗೆದ್ದಿದ್ದೀನಿ ನೋಡು. ಅದನ್ನೂ ಹಾಳು ಮಾಡಿದ್ರಲ್ಲೇ."

ಬೈದಿದ್ದರೆ ಚೆನ್ನಾಗಿತ್ತು. ನೋಟ್‌ಬುಕ್ ಮುಚ್ಚಿ ಕೈಗೆ ಕೊಟ್ಟ. ಬಾಗಿಲು ಹಾಕಿಕೊಂಡ.

ಬುಧವಾರ, ಜೂನ್ 28

ತಟ್ಟೆ ಕೋಣೆಗೆ. ಅರ್ಧ ವಾಪಸ್.

ಭಾನುವಾರ, ಜುಲೈ 2

ಅವನು ಬರಲಿಲ್ಲ. ನಾನೂ ಹೋಗಲಿಲ್ಲ. ಮೂರು ಗಂಟೆಗೆ ಇಬ್ಬರೂ ಒಂದೇ ಮನೆಯಲ್ಲಿ, ಗೋಡೆಯ ಆಚೆ ಒಬ್ಬರು ಈಚೆ ಒಬ್ಬರು. ಏನಾಯಿತೇ ಎಂದು ಅಮ್ಮ ಕೇಳಿದಳು. ಆಟದಲ್ಲಿ ಮೋಸವಾಯಿತು ಎಂದೆ. ಯಾರು ಸೋತರು ಎಂದಳು. ಯಾರೂ ಸೋಲಲಿಲ್ಲ, ಅದೇ ತೊಂದರೆ ಎಂದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

ಗುರುವಾರ, ಜುಲೈ 6

...ಬರೆಯುವುದೇನೂ ಇಲ್ಲ. ಪ್ರೂಫ್. ಬಾಗಿಲು. ಪ್ರೂಫ್.

ಶನಿವಾರ, ಜುಲೈ 8. ಸಂಜೆ 5.40

ಟೈಲರಕ್ಕ ಫೋನ್ ಮಾಡಿದರು, ನನಗಲ್ಲ, ಲ್ಯಾಂಡ್‌ಲೈನಿಗೆ. ನಾನು ಎತ್ತಿ ಹಲೋ ಎನ್ನುವುದರೊಳಗೆ ಅಣ್ಣನಿಗೆ ಕೊಡು ಎಂದರು. ಅವರಿಗೆ ವಿಷಯ ಗೊತ್ತಿಲ್ಲ, ಜ್ವರ ಎಂದುಕೊಂಡಿದ್ದಾರೆ. ರಿಸೀವರ್ ಬಾಗಿಲ ತನಕ ಎಳೆದೆ. ಅವರ ದನಿ ಹೊಲಿಗೆ ಮಷಿನ್ನಿನ ಸದ್ದು ಮೀರಿ ಬೆಳೆದದ್ದು, ನನಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಏನಪ್ಪಾ, ಎರಡು ವಾರದಿಂದ ನಿಮ್ಮ ಕಳ್ಳ ಆ ಮಂತ್ರಿ ಜೇಬಲ್ಲಿ ಕೈ ಇಟ್ಕೊಂಡೇ ನಿಂತಿದ್ದಾನೆ. ಜೋಮು ಹಿಡಿಯಲ್ವಾ?"

ಹೇಳಿದ ಮೇಲೆ ಅವರಿಗೇ ಹೊಳೆದಿರಬೇಕು. ಆ ಕಡೆ ಮಷಿನ್ನಿನ ಸದ್ದೂ ನಿಂತಿತು. ನಾನು ನೆಲ ನೋಡಿದೆ.

ಅಣ್ಣ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಪೂರ್ತಿ.

"ಹಿಡಿದಿದೆ ಅಕ್ಕ. ನಾಳೆ ಬರ್ತೀನಿ, ತೆಗೆದುಬಿಡೋಣ."

ಭಾನುವಾರ, ಜುಲೈ 9. ಸಂಜೆ 7.00

ನಡೆದ ಹಾಗೆಯೇ ಬರೆಯುತ್ತೇನೆ.

ಷಟರ್ ಕೆಳಗೆ ಬಗ್ಗಿದೆವು. ಮಾಸ್ತರು ಎದ್ದು ನಿಂತರು, ತರಗತಿಗೆ ಇನ್‌ಸ್ಪೆಕ್ಟರ್ ಬಂದ ಹಾಗೆ. ನಾನು ಅವರಿಗೆ ಮೆಸೇಜ್ ಹಾಕಿ ಎಲ್ಲ ತಿಳಿಸಿದ್ದೆ. ಅಣ್ಣ ಕೂತ. ಎರಡೂ ಕೈ ಮೇಜಿನ ಮೇಲಿಟ್ಟ. ಬಲಗೈಯ ಗಾಯದ ಗೆರೆಯನ್ನು ಕಂಪೌಂಡರ್ ವೃತ್ತಿಯವರ ಕಣ್ಣಲ್ಲಿ ನೋಡಿದರು, ಹೊಲಿಗೆ ನೀಟಾಗಿ ಹಾಕಿದ್ದಾರೆ ಎಂದರು. ಟೈಲರಕ್ಕ ಬಗ್ಗಿ ನೋಡಿ, ಇದಕ್ಕಿಂತ ನಾನು ಚೆನ್ನಾಗಿ ಹಾಕ್ತಿದ್ದೆ ಎಂದರು.

"ಮಾಸ್ತರೇ, ಆ ರಟ್ಟು ತೆಗೀರಿ."

ಅದು ಕೈಚಳಕದ ಪದ್ಧತಿ ಎಂದು ಕಂಪೌಂಡರ್ ಶುರುಮಾಡಿದರು. ಮಾಸ್ತರು ರಟ್ಟು ಮಡಿಸಿ ಕೆಳಗಿಟ್ಟರು. ಅದರ ಹಿಂದೆ ದಾಳ, ಪೆನ್ಸಿಲ್, ಅರ್ಧ ತಿಂದ ಬಿಸ್ಕತ್ತು. ಎಷ್ಟು ಸಣ್ಣ ಜಾಗ.

ದಾಳವನ್ನು ಅಣ್ಣ ಬಲಗೈಗೆ ತೆಗೆದುಕೊಂಡ. ಎತ್ತಲು ಮೂರು ಸಲ ಬೇಕಾಯಿತು. ಯಾರೂ ಸಹಾಯ ಮಾಡಲಿಲ್ಲ — ಟೈಲರಕ್ಕನ ಕೈ ಮುಂದೆ ಬಂದು ಹಿಂದೆ ಹೋದದ್ದು ನೋಡಿದೆ. ಎಸೆಯಲಿಲ್ಲ, ಜಾರಿತು. ಮೇಜಿನ ಅಂಚು ದಾಟಿ ನೆಲಕ್ಕೆ, ಅಲ್ಲಿಂದ ಮಷಿನ್ನಿನ ಪೆಡಲ್ ಕೆಳಗೆ. ಕಂಪೌಂಡರ್ ಮಂಡಿಯೂರಿ ಹುಡುಕಿದರು. ಅವರ ತಲೆ ಕಾಣುತ್ತಿರಲಿಲ್ಲ, ದನಿ ಮಾತ್ರ ಬಂತು: ಎರಡು.

ಆಮೇಲೆ ಬೇಗ ಬೇಗ ಸೇರಿಸಿದರು, ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ, ಇನ್ನೊಂದು ಸಲ ಹಾಕಿ.

"ಜೂನಲ್ಲಿ ನಿಮ್ಮದು ಬಿದ್ದಾಗ ಲೆಕ್ಕಕ್ಕಿತ್ತು," ಎಂದ ಅಣ್ಣ.

ಎಲ್ಲರೂ ನನ್ನ ಕಡೆ ತಿರುಗಿದರು. ನೋಟ್‌ಬುಕ್ ನನ್ನದಲ್ಲವೇ. ಪುಟ ತಿರುವಿದೆ. ಇತ್ತು. ಜೂನ್ 11, ಕಂಪೌಂಡರ್, ನೆಲದ ಮೇಲೆ ನಾಲ್ಕು, ಒಪ್ಪಿದೆ. ಅಣ್ಣನ ಮುಖ ನೋಡದೆ ಗಟ್ಟಿಯಾಗಿ ಹೇಳಿದೆ:

"ಲೆಕ್ಕಕ್ಕಿತ್ತು."

ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮಂತ್ರಿ ನಿಮ್ಮ ಮಣಿಕಟ್ಟು ಹಿಡಿದುಕೊಂಡ ಎಂದರು, ಒಂದೊಂದೇ ಪದ. ಸೈನಿಕರು ಬಂದರು. ಕೈ ಹಿಂದಕ್ಕೆ ಕಟ್ಟಿ ನೆಲಮಾಳಿಗೆಗೆ ತಳ್ಳಿದರು. ಉಳಿದವರು ಕಿಟಕಿಯಿಂದ ಹಾರಿ ತಪ್ಪಿಸಿಕೊಂಡಿದ್ದೀರಿ. ನಾಳೆ ಬೆಳಗ್ಗೆ ಗಲ್ಲು.

ಟೈಲರಕ್ಕ ಕೋಪದಿಂದ ಮಾಸ್ತರನ್ನು ನೋಡಿದರು. ನಾನು ಅಣ್ಣನನ್ನು. ಎದ್ದು ಹೋಗುತ್ತಾನೆ ಎಂದುಕೊಂಡೆ. ಕುರ್ಚಿ ಹಿಂದಕ್ಕೆ ಸರಿಸಿದ ಕೂಡ.

ಕಾಲು ಚಾಚಲು.

"ಹಗ್ಗದಿಂದ ಕಟ್ಟಿದ್ದಾರೋ, ಸರಪಳಿಯೋ?"

ಮಾಸ್ತರು ಗಲಿಬಿಲಿಗೊಂಡರು. ಯೋಚಿಸಿರಲಿಲ್ಲ ಎಂದು ಕಾಣುತ್ತದೆ. ಹಗ್ಗ ಎಂದರು. ಎಷ್ಟು ದಪ್ಪ, ಎಷ್ಟು ಸುತ್ತು, ಗಂಟು ಮೇಲೋ ಕೆಳಗೋ? ಅಣ್ಣ ಕೇಳುತ್ತಲೇ ಹೋದ. ಮಾಸ್ತರು ಹಾಳೆ ತೆಗೆದು ಬರೆದುಕೊಳ್ಳತೊಡಗಿದರು. ಆರು ಗಂಟೆಗೆ ಟೈಲರಕ್ಕ ಎಲ್ಲರನ್ನೂ ಹೊರಗೆ ಕಳಿಸಿ ಷಟರ್ ಎಳೆದರು.

ಅಂಚಿನಲ್ಲಿ ಇವತ್ತು ಏನೂ ಬರೆದಿಲ್ಲ.

ಮಂಗಳವಾರ, ಜುಲೈ 11. ಸಂಜೆ 6.50

ಪ್ರೆಸ್ಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕರೆದ. ಬಟ್ಟೆ ಒಣಹಾಕುವ ಹಗ್ಗದ ತುಂಡು ಎಲ್ಲಿಂದಲೋ ಸಂಪಾದಿಸಿದ್ದ. ಕೈ ಕಟ್ಟಿದ ಕಳ್ಳ ಏನೇನು ಮಾಡಬಹುದು ಎಂದು ಮಾಡಿ ನೋಡದೆ ಭಾನುವಾರ ಮಾಸ್ತರ ಹತ್ತಿರ ವಾದ ಮಾಡೋದು ಹೇಗೆ ಎಂದ. ಬೆನ್ನು ತಿರುಗಿಸಿ ಎರಡೂ ಮಣಿಕಟ್ಟು ಕೂಡಿಸಿ ಹಿಡಿದ. ಕಟ್ಟಿದೆ. ಗಾಯದ ಗೆರೆ ತಪ್ಪಿಸಿ, ನೋಡಿಕೊಂಡು. ಅಮ್ಮ ಬಾಗಿಲಲ್ಲಿ ಬಂದು ನೋಡಿ ವಾಪಸ್ ಹೋದಳು.

ನನ್ನ ಕೋಣೆಗೆ ಬಂದು ಇದನ್ನು ಬರೆಯಲು ಕೂತು ಎರಡು ನಿಮಿಷವೂ ಆಗಿಲ್ಲ, ಗೋಡೆಯ ಆಚೆಯಿಂದ ಕೂಗುತ್ತಿದ್ದಾನೆ.

"ಸಡಿಲ ಬಿಟ್ಟಿದ್ದೀಯ ಕಣೇ. ಬಂದುಬಿಡ್ತು. ಬಾ, ಸರಿಯಾಗಿ ಕಟ್ಟು."

ಹೌದು, ಬಿಟ್ಟಿದ್ದೆ. ಹೋಗುತ್ತೇನೆ. ಈ ಸಲ ಬಿಗಿಯಾಗಿ —